ಕರುಳಿನ ಟಪಾಲು ಓದಿದವರು: ವಿಟ್ಟೋರಿಯೊ ಎರ್ಸ್‌ಪಾಮರ್ (1909–1999)



ಈ ಪುಟದಲ್ಲಿ ಪ್ರತಿ ತಿಂಗಳೂ ಒಬ್ಬ ಹಿರಿಯರ ಜೀವನ ಪರಿಚಯ ಹಾಕುವುದು ನಡೆದುಕೊಂಡು ಬಂದ ಪದ್ಧತಿ. ಕವಿಗಳು, ಗಾಯಕರು, ಏಕೀಕರಣಕ್ಕೆ ದುಡಿದವರು, ಹೀಗೆ ನಮ್ಮವರನ್ನೇ ಬರೆಯುತ್ತ ಬಂದಿದ್ದೇನೆ. ಈ ಸಲ ಇಟಲಿ ದೇಶದ ಒಬ್ಬ ಔಷಧ ವಿಜ್ಞಾನಿಯನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ವಯಸ್ಸಾದ ಮೇಲೆ ಕಾರ್ಯದರ್ಶಿ ದಾರಿ ತಪ್ಪಿದರು ಅಂದೀರಿ.

ಹೋದ ಸಭೆಯಲ್ಲಿ ಚಹಾ ಆದ ಮೇಲೆ ಮುಂದಿನ ಸಾಲಿಗೆ ಬರ್ರಿ ಎಂದು ಎಷ್ಟು ಕರೆದರೂ ನಮ್ಮ ಹಿರಿಯ ಸದಸ್ಯರೊಬ್ಬರು ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಆಮೇಲೆ ಒಬ್ಬರೇ ಸಿಕ್ಕಾಗ ಕೇಳಿದೆ. ಸಂಕೋಚದಿಂದ ಹೊಟ್ಟೆಯ ವಿಷಯ ಹೇಳಿದರು: ಊಟವಾದ ಅರ್ಧ ಗಂಟೆಯಲ್ಲಿ ಹೊಟ್ಟೆ ಮುರಿದು ಬರುತ್ತದೆ, ಓಡಬೇಕಾಗುತ್ತದೆ, ಆದ್ದರಿಂದ ಎಲ್ಲಿ ಹೋದರೂ ಬಾಗಿಲು ಎಲ್ಲಿದೆ ಎಂದು ಮೊದಲು ನೋಡುವುದು. ನಾನು ನಕ್ಕುಬಿಟ್ಟೆ. ಅವರನ್ನು ನೋಡಿ ನಕ್ಕದ್ದಲ್ಲ. ಇಪ್ಪತ್ತು ವರ್ಷ ನಾನು ಮಾಡಿದ್ದೂ ಅದನ್ನೇ. ನೌಕರಿಯಲ್ಲಿದ್ದಾಗ ಜಿಲ್ಲಾ ಕಚೇರಿಗೆ ಮೀಟಿಂಗಿಗೆ ಹೋಗುವ ದಿನ ಬೆಳಿಗ್ಗೆ ಏನೂ ತಿನ್ನದೆ ಬಸ್ಸು ಹತ್ತುತ್ತಿದ್ದೆ. ದಾರಿಯಲ್ಲಿ ಯಾವ ಸ್ಟ್ಯಾಂಡಿನಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಕಂಡಕ್ಟರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಮಾತು ಮಾತಿಗೆ ಇನ್ನೂ ಮೂವರು ಸೇರಿಕೊಂಡರು. ಒಬ್ಬರಿಗೆ ಇದರ ಉಲ್ಟಾ, ನಾಲ್ಕು ದಿನವಾದರೂ ಹೊಟ್ಟೆ ಹಗುರಾಗದು. ಇನ್ನೊಬ್ಬ ತಾಯಿ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಎಲ್ಲರೂ ತೋರಿಸಿಕೊಂಡು ಬಂದವರೇ. ರಕ್ತ, ಮಲ, ಸ್ಕ್ಯಾನು, ನಳಿಗೆ ಹಾಕಿ ನೋಡುವುದು ಎಲ್ಲ ಆಗಿ ರಿಪೋರ್ಟಿನಲ್ಲಿ ದೋಷವಿಲ್ಲ ಎಂದು ಬಂದಿದೆ. ನನಗಂತೂ ಒಬ್ಬ ಡಾಕ್ಟರು ಕಾಗದ ಮಡಚಿ ಕೈಗೆ ಕೊಟ್ಟು, ನಿಮಗೆ ಏನೂ ಆಗಿಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂದು ಕಳಿಸಿದ್ದರು. ಆ ಮಾತು ಹೊಟ್ಟೆನೋವಿಗಿಂತ ಹೆಚ್ಚು ನೋಯಿಸಿತು. ನೋವು ಇರುವುದು ಹೊಟ್ಟೆಯಲ್ಲಿ, ಅದನ್ನು ಮನಸ್ಸಿನ ಖಾತೆಗೆ ಬರೆದುಬಿಟ್ಟರೆ ನಾನೇ ಸುಳ್ಳು ಹೇಳಿದ ಹಾಗಾಯಿತಲ್ಲ!

ಆ ಹೊಟ್ಟೆಯೊಳಗೆ ನಿಜಕ್ಕೂ ಏನೋ ನಡೆಯುತ್ತದೆ, ಅದಕ್ಕೆ ಕಾರಣವಾದ ವಸ್ತು ಒಂದಿದೆ ಎಂದು ಕರುಳಿನಲ್ಲೇ ಮೊದಲು ಕಂಡವರು ವಿಟ್ಟೋರಿಯೊ ಎರ್ಸ್‌ಪಾಮರ್. ಇಂದು ಆ ವಸ್ತುವನ್ನು ಜಗತ್ತು ಸೆರೊಟೋನಿನ್ ಎಂದು ಕರೆಯುತ್ತದೆ. ಮೊಬೈಲಿನಲ್ಲಿ ಸಂತೋಷದ ರಸ ಎಂದು ಬರುವುದು ಇದೇ. ಅದರ ಮೊದಲ ಮನೆ ಮಿದುಳಲ್ಲ, ಕರುಳು ಎಂಬುದು ಆ ಮೆಸೇಜುಗಳಲ್ಲಿ ಇರುವುದಿಲ್ಲ.

ಎರ್ಸ್‌ಪಾಮರ್ ಹುಟ್ಟಿದ್ದು 1909ರ ಜುಲೈ 30ರಂದು, ಆಲ್ಪ್ಸ್ ಪರ್ವತದ ಮಗ್ಗುಲಿನ ಮಲೋಸ್ಕೊ ಎಂಬ ಸಣ್ಣ ಹಳ್ಳಿಯಲ್ಲಿ. ಅದು ಸೇಬಿಗೆ ಹೆಸರಾದ ನೋನ್ ಕಣಿವೆಯ ಮೇಲ್ಭಾಗ. ಹಳ್ಳಿಯ ಮಾತು ಇಟಲಿಯ ಕಡೆಯದು, ಕೆಲವೇ ಮೈಲಿ ಆಚೆ ಜರ್ಮನ್ ಮಾತಾಡುವ ಹಳ್ಳಿಗಳು, ಮೇಲಿನ ಸರ್ಕಾರ ಆಸ್ಟ್ರಿಯಾ-ಹಂಗೇರಿ ಚಕ್ರವರ್ತಿಯದು. ಮೊದಲನೆಯ ಮಹಾಯುದ್ಧ ಮುಗಿದು ಒಪ್ಪಂದಗಳಾಗುವಾಗ ಹುಡುಗನಿಗೆ ಹತ್ತು ವರ್ಷ. ಮನೆ ಅಲ್ಲೇ ಇತ್ತು, ದೇಶ ಬದಲಾಗಿ ಇಟಲಿ ಆಯಿತು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ಕ್ಕೆ ಮೊದಲು ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿತ್ತು. ನಮ್ಮ ಹಿರಿಯರು ಮಲಗಿ ಎದ್ದದ್ದು ಅದೇ ಮನೆಯಲ್ಲಿ, ಬೆಳಗಾಗುವಷ್ಟರಲ್ಲಿ ರಾಜ್ಯ ಬೇರೆ.

ಟ್ರೆಂಟೊ ಪಟ್ಟಣದ ಧರ್ಮಪೀಠದ ಶಾಲೆಯಲ್ಲಿ ಓದು ಮುಗಿಸಿ ಅವರು ಪಾವಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಇದ್ದದ್ದು ಗಿಸ್ಲಿಯೇರಿ ಕಾಲೇಜಿನಲ್ಲಿ. 1567ರಲ್ಲಿ ಆಗಿನ ಪೋಪರು ಬುದ್ಧಿವಂತ ಬಡ ವಿದ್ಯಾರ್ಥಿಗಳಿಗೆಂದು ಕಟ್ಟಿಸಿದ ವಸತಿ ಅದು. ನಮ್ಮ ಕಡೆ ಮಠಗಳ ಪ್ರಸಾದ ನಿಲಯಗಳಿದ್ದ ಹಾಗೆ ಅಂದುಕೊಳ್ಳಿ. ಪಾವಿಯಾ ಎಂದರೆ ನರಕೋಶಗಳಿಗೆ ಬಣ್ಣ ಹಾಕಿ ನೋಡುವ ವಿದ್ಯೆ ಕಂಡುಹಿಡಿದು ನೊಬೆಲ್ ಪಡೆದ ಕಾಮಿಲೊ ಗಾಲ್ಜಿ ಅವರ ಊರು. ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ತುಣುಕು ಇಟ್ಟು ಬಣ್ಣ ಹಾಕಿ ನೋಡುವುದು ತಲೆಮಾರಿನಿಂದ ಬಂದ ಕಸುಬು. ಎರ್ಸ್‌ಪಾಮರ್ 1935ರಲ್ಲಿ ವೈದ್ಯ ಪದವಿ ಪಡೆದರು. ಆದರೆ ರೋಗಿಗಳ ನಾಡಿ ಹಿಡಿಯಲು ಹೋಗದೆ ಮಾಫೊ ವಿಯಾಲಿ ಎಂಬ ಗುರುಗಳ ಜೊತೆ ಪ್ರಯೋಗಶಾಲೆಯಲ್ಲೇ ಉಳಿದರು.

ಅವರು ಹಿಂದೆ ಬಿದ್ದದ್ದು ಹೊಟ್ಟೆ ಮತ್ತು ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಚದುರಿರುವ ಒಂದು ಜಾತಿಯ ಕೋಶಗಳ ಹಿಂದೆ. ಕ್ರೋಮಿಯಂ ಲವಣ ತಾಗಿದರೆ ಅವು ಹಳದಿ ಕಂದು ಬಣ್ಣಕ್ಕೆ ತಿರುಗುತ್ತವೆ, ಅದಕ್ಕೇ ಅವುಗಳಿಗೆ ಎಂಟರೊಕ್ರೊಮಾಫಿನ್ ಎಂಬ ನಾಲಿಗೆ ತಿರುಗದ ಹೆಸರು. ಹೆಸರು ಇಟ್ಟಿದ್ದರು, ಚಿತ್ರ ಬರೆದಿದ್ದರು, ಆದರೆ ಅವು ಅಲ್ಲಿ ಕೂತು ಏನು ಮಾಡುತ್ತವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಚೇರಿಯಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿದೆ, ಸಂಬಳ ಹೋಗುತ್ತಿದೆ, ಕೆಲಸ ಏನು ಎಂದು ಗೊತ್ತಿಲ್ಲ, ಅಂಥ ಸ್ಥಿತಿ.

ಆ ಕಾಲದ ಪ್ರಯೋಗದ ರೀತಿ ಸರಳ, ಆದರೆ ನೋಡಲು ವಿಚಿತ್ರ. ಪ್ರಾಣಿಯ ಕರುಳಿನ ಒಂದು ಗೇಣು ತುಂಡನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ತೂಗುಬಿಡುತ್ತಾರೆ. ಗಾಳಿ ಆಡುತ್ತಿದ್ದರೆ ಅದು ಗಂಟೆಗಟ್ಟಲೆ ಜೀವಂತವಾಗಿರುತ್ತದೆ, ತನ್ನಷ್ಟಕ್ಕೆ ಮಿಡುಕುತ್ತದೆ. ಅದಕ್ಕೆ ಒಂದು ದಾರ, ದಾರಕ್ಕೆ ಒಂದು ಕಡ್ಡಿ, ಕಡ್ಡಿಯ ತುದಿ ಹೊಗೆ ಹಿಡಿಸಿದ ಉರುಳೆಯ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ನೀರಿಗೆ ಏನಾದರೂ ಹನಿಸಿದಾಗ ಕರುಳು ಬಿಗಿದರೆ ಗೆರೆ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ಎರ್ಸ್‌ಪಾಮರ್ ಆ ಬಣ್ಣದ ಕೋಶಗಳಿರುವ ಒಳಪದರದಿಂದ ಸಾರ ತೆಗೆದು ಹನಿಸಿದರು. ಗೆರೆ ಏರಿತು. ಕರುಳು ತನ್ನದೇ ಸಾರಕ್ಕೆ ತಾನೇ ಬಿಗಿಯಿತು.

ಇದು 1935ರ ಮಾತು. ಒಪ್ಪುವವರು ಕಡಿಮೆ. ಇದರಲ್ಲಿರುವುದು ಹೊಸದೇನಲ್ಲ, ಎಲ್ಲರಿಗೂ ಗೊತ್ತಿರುವ ಅಡ್ರಿನಲಿನ್ ಎಂದು ಕೆಲವರು ಹೇಳಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ, ಪದವಿಯ ಶಾಯಿ ಆರಿರಲಿಲ್ಲ. ಆದರೆ ಅಡ್ರಿನಲಿನ್ ಕರುಳನ್ನು ಸಡಿಲಿಸುವ ವಸ್ತು. ಇವರ ಸಾರ ಬಿಗಿಯುತ್ತಿತ್ತು. ಮತ್ತೆ ಎರಡು ವರ್ಷ ಅದೇ ಕೆಲಸ ಹಿಡಿದು, ಇದು ಅಡ್ರಿನಲಿನ್ ಅಲ್ಲ, ಇಲ್ಲಿಯವರೆಗೆ ಯಾರೂ ಕಾಣದ ಒಂದು ಅಮೈನ್ ಎಂದು ತೋರಿಸಿದರು. ಅದಕ್ಕೆ ಎಂಟೆರಮೈನ್ ಎಂದು ಹೆಸರಿಟ್ಟರು. ಕರುಳಿನ ಅಮೈನ್ ಎಂದು ಅರ್ಥ. ಹೆಸರಿನಲ್ಲೇ ವಿಳಾಸ ಬರೆದ ಹಾಗಿದೆ. ನನಗೆ ಈ ಘಟ್ಟ ಬಹಳ ಮೆಚ್ಚಿಗೆ. ಫೈಲಿನಲ್ಲಿ ಮೇಲಿನವರು ಒಂದು ಸಲ ಷರಾ ಬರೆದ ಮೇಲೆ ಅದರ ವಿರುದ್ಧ ಕೆಳಗಿನ ಗುಮಾಸ್ತ ದಾಖಲೆ ಹುಡುಕಿ ಇಡುವುದು ಎಷ್ಟು ಕಷ್ಟ ಎಂದು ಬಲ್ಲವನು ನಾನು.

ನಡುವೆ 1936ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬರ್ಲಿನ್ನಿನ ಔಷಧ ವಿಜ್ಞಾನ ಸಂಸ್ಥೆಗೆ ಹೋಗಿ ಬಂದರು. 1939ರಲ್ಲಿ ರೋಮ್ ನಗರಕ್ಕೆ ಹೋದರು. ಎರಡನೆಯ ಮಹಾಯುದ್ಧ ಇಟಲಿಯನ್ನು ಜಜ್ಜಿತು. ಯುದ್ಧ ಮುಗಿದ ಮೇಲೆ 1947ರಲ್ಲಿ ದಕ್ಷಿಣದ ಬಾರಿ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಬಾರಿ ಸಮುದ್ರದ ದಂಡೆಯ ಊರು, ಮೀನುಗಾರರ ಊರು. ಎಂಟೆರಮೈನನ್ನು ಶುದ್ಧವಾಗಿ ತೆಗೆಯಬೇಕಾದರೆ ಬಹಳಷ್ಟು ಇರುವ ಜಾಗ ಬೇಕು. ಆ ಜಾಗ ಅಷ್ಟಪದಿಯ, ಅಂದರೆ ಆಕ್ಟೋಪಸ್ಸಿನ, ಜೊಲ್ಲುಗ್ರಂಥಿಯಲ್ಲಿ ಸಿಕ್ಕಿತು. ಒಂದು ಜಾತಿಯ ಕಪ್ಪೆಯ ಚರ್ಮದಲ್ಲೂ ಸಿಕ್ಕಿತು. ಮನುಷ್ಯನ ಕರುಳಿನ ರಸ ಕಪ್ಪೆಯ ಚರ್ಮದಲ್ಲಿ! ಅದೇ ಅಷ್ಟಪದಿಯಲ್ಲಿ ಇನ್ನೊಂದು ಹೊಸ ವಸ್ತು ಕಂಡಿತು, ಅದಕ್ಕೆ ಆಕ್ಟೋಪಮೈನ್ ಎಂದು ಹೆಸರು.

ಅದೇ ಹೊತ್ತಿಗೆ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಇರ್ವಿನ್ ಪೇಜ್ ಎಂಬ ರಕ್ತದೊತ್ತಡದ ವೈದ್ಯರು ಬೇರೆಯೇ ಒಂದು ಜಾಡು ಹಿಡಿದಿದ್ದರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ನೀರಿನಲ್ಲಿ ರಕ್ತನಾಳಗಳನ್ನು ಬಿಗಿಯುವ ಏನೋ ಇದೆ, ಅದು ಅವರ ಪ್ರಯೋಗಗಳಿಗೆ ಅಡ್ಡ ಬರುತ್ತಿತ್ತು. ಮಾರಿಸ್ ರಾಪೋರ್ಟ್ ಮತ್ತು ಆರ್ಡಾ ಗ್ರೀನ್ ಅವರು ಕಸಾಯಿಖಾನೆಯ ದನದ ರಕ್ತದಿಂದ 1948ರಲ್ಲಿ ಅದನ್ನು ಬೇರ್ಪಡಿಸಿದರು. ಸೀರಂನಲ್ಲಿ ಸಿಕ್ಕಿದ್ದು, ನಾಳವನ್ನು ಬಿಗಿಗೊಳಿಸುವುದು, ಆದ್ದರಿಂದ ಸೆರೊಟೋನಿನ್. 1949ರಲ್ಲಿ ರಾಪೋರ್ಟ್ ಅದರ ರಾಸಾಯನಿಕ ರಚನೆ ಹೇಳಿದರು: 5-ಹೈಡ್ರಾಕ್ಸಿಟ್ರಿಪ್ಟಮೈನ್. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಲು ಬಂದ ಮೇಲೆ ಹೋಲಿಸಿ ನೋಡುವುದು ಸುಲಭವಾಯಿತು. 1952ರಲ್ಲಿ ಎರ್ಸ್‌ಪಾಮರ್ ಮತ್ತು ಬಿಯಾಜೊ ಅಸೆರೊ ಅವರು ಎಂಟೆರಮೈನ್ ಮತ್ತು ಸೆರೊಟೋನಿನ್ ಎರಡೂ ಒಂದೇ ಎಂದು ಪ್ರಕಟಿಸಿದರು. ರಕ್ತದಲ್ಲಿ ಅಮೆರಿಕದವರಿಗೆ ಸಿಕ್ಕಿದ್ದು ಕರುಳಿನಿಂದಲೇ ಹೊರಟ ಮಾಲು. ಕರುಳಿನ ಕೋಶಗಳು ಬಿಟ್ಟದ್ದನ್ನು ರಕ್ತದ ಕಿರುಬಿಲ್ಲೆಗಳು ಹೀರಿ ಇಟ್ಟುಕೊಂಡು ತಿರುಗುತ್ತವೆ.

ಮರುವರ್ಷ ಬೆಟ್ಟಿ ಟ್ವಾರೋಗ್ ಎಂಬ ಯುವ ವಿಜ್ಞಾನಿ ಪೇಜ್ ಅವರ ಜೊತೆ ಸೇರಿ ಮಿದುಳಿನಲ್ಲೂ ಇದು ಇದೆ ಎಂದು ತೋರಿಸಿದರು. ಅಲ್ಲಿಂದ ಜಗತ್ತಿನ ಕಣ್ಣೆಲ್ಲ ಮಿದುಳಿನ ಮೇಲೆ. ಹೆಸರೂ ಸೆರೊಟೋನಿನ್ ಎಂದೇ ಉಳಿಯಿತು, ಎಂಟೆರಮೈನ್ ಹಳೆಯ ಪುಸ್ತಕ ಸೇರಿತು. ಹದಿನೈದು ವರ್ಷ ಮೊದಲೇ ಅರ್ಜಿ ಹಾಕಿದವರ ಹೆಸರು ಪಟ್ಟಿಯಲ್ಲಿ ಕೆಳಗೆ ಬಂತು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಎರಡು ಸಲ ಹೋಯಿತು, ಬರಲಿಲ್ಲ. ಹೆಸರು ಎಂಟೆರಮೈನ್ ಎಂದೇ ಉಳಿದಿದ್ದರೆ ನನ್ನಂಥವರ ಹೊಟ್ಟೆಯನ್ನು ಮನಸ್ಸಿನ ಖಾತೆಗೆ ಬರೆಯುವುದು ಅಷ್ಟು ಸಲೀಸಾಗುತ್ತಿರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ.

ಈಗ ಆ ರಸ ಕರುಳಿನಲ್ಲಿ ಮಾಡುವ ಕೆಲಸ ನೋಡೋಣ. ದೇಹದ ಸೆರೊಟೋನಿನ್ ಪೈಕಿ ನೂರಕ್ಕೆ ತೊಂಬತ್ತರಷ್ಟು, ಕೆಲವರ ಲೆಕ್ಕದಲ್ಲಿ ತೊಂಬತ್ತೈದರಷ್ಟು, ಇರುವುದು ಕರುಳಿನಲ್ಲೇ. ನಾವು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಅದು ಜೀರ್ಣವಾಗುತ್ತ ಕೆಳಗೆ ಇಳಿಯುವಾಗ ಕರುಳಿನ ಒಳಗೋಡೆಗೆ ಒತ್ತುತ್ತದೆ. ಒತ್ತಿದ ಕಡೆ ಎರ್ಸ್‌ಪಾಮರ್ ಅವರ ಆ ಬಣ್ಣದ ಕೋಶಗಳು ಸೆರೊಟೋನಿನ್ ಬಿಡುತ್ತವೆ. ಇದನ್ನು 1950ರ ದಶಕದ ಕೊನೆಗೆ ಆಕ್ಸ್‌ಫರ್ಡಿನಲ್ಲಿ ಈಡಿತ್ ಬ್ಯುಲ್‌ಬ್ರಿಂಗ್ ಎಂಬ ವಿಜ್ಞಾನಿ ತಾಯಿ ಮತ್ತು ಇಟಲಿಯಿಂದ ಬಂದಿದ್ದ ಕ್ರೇಮಾ ಎಂಬವರು ತೋರಿಸಿಕೊಟ್ಟರು. ಗೋಡೆಯ ಹಿಂದೆಯೇ ಕರುಳಿನ ಸ್ವಂತ ನರಜಾಲ ಇದೆ, ಕೋಟಿಗಟ್ಟಲೆ ನರಕೋಶಗಳು. ಸೆರೊಟೋನಿನ್ ಎಂಬ ಟಪಾಲು ಆ ನರಗಳಿಗೆ ತಲುಪಿದ ಕೂಡಲೇ ಊಟದ ಮುದ್ದೆಯ ಮೇಲಿನ ಭಾಗ ಬಿಗಿಯುತ್ತದೆ, ಕೆಳಗಿನ ಭಾಗ ಸಡಿಲವಾಗುತ್ತದೆ. ಹಿಂದಿನಿಂದ ನೂಕಿ ಮುಂದೆ ದಾರಿ ಬಿಟ್ಟಂತೆ. ಹೀಗೆ ಬಿಗಿದು ಸಡಿಲಿಸುವ ನಿಯಮವನ್ನು ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ಹೇಳಿದ್ದರು. ಮಿದುಳಿನ ಅಪ್ಪಣೆ ಇಲ್ಲದೆಯೂ ಇದು ನಡೆಯುತ್ತದೆ, ಉಪ್ಪುನೀರಿನ ಆ ಕರುಳಿನ ತುಂಡಿಗೆ ಮಿದುಳು ಎಲ್ಲಿತ್ತು?

ಟಪಾಲು ತಲುಪಿದ ಮೇಲೆ ಅದನ್ನು ತೆಗೆದು ಹಾಕಬೇಕು, ಇಲ್ಲವಾದರೆ ಒಂದೇ ಆದೇಶ ಮತ್ತೆ ಮತ್ತೆ ಜಾರಿಯಾಗುತ್ತದೆ. ಒಳಪದರದ ಕೋಶಗಳು ಉಳಿದ ಸೆರೊಟೋನಿನ್ ಅನ್ನು ಹೀರಿಕೊಳ್ಳುತ್ತವೆ, ಅದಕ್ಕೆ ಅವುಗಳ ಮೈಮೇಲೆ ಒಂದು ಸಾಗಣೆಯ ಪ್ರೋಟೀನ್ ಇದೆ.

ಇದು ಚಲನೆಯ ಕಥೆ. ಇನ್ನು ಅರಿವಿನ ಕಥೆ. ಅದೇ ಸೆರೊಟೋನಿನ್ ಕರುಳಿನಿಂದ ಮಿದುಳಿಗೆ ಹೋಗುವ ನರಗಳನ್ನೂ ತಟ್ಟುತ್ತದೆ. ಅದರಿಂದಲೇ ತುಂಬಿದ ಭಾವ, ಓಕರಿಕೆ, ಮುರಿತ, ನೋವು. ರಸ ರಕ್ತದ ಮೂಲಕ ಮಿದುಳಿಗೆ ಹೋಗುವುದಿಲ್ಲ, ನಡುವೆ ಅದಕ್ಕೆ ತಡೆಗೋಡೆ ಇದೆ, ಹೋಗುವುದು ನರದ ಸುದ್ದಿ ಮಾತ್ರ. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇದೆ, ತಿಂದರೆ ಮನಸ್ಸು ಹಿಗ್ಗುತ್ತದೆ ಎಂಬ ಮೆಸೇಜು ನಮ್ಮ ಗುಂಪಿನಲ್ಲಿ ತಿಂಗಳಿಗೆ ಎರಡು ಸಲ ಬರುತ್ತದೆ. ಬಾಳೆಹಣ್ಣಿನಲ್ಲಿ ಇರುವುದು ನಿಜ, ಮಿದುಳಿಗೆ ಹೋಗುವುದು ಸುಳ್ಳು. ದಯಮಾಡಿ ಮುಂದೆ ಕಳಿಸಬೇಡಿರಿ.

ಈ ರಸ ವಿಪರೀತವಾದರೆ ಏನಾಗುತ್ತದೆ ಎಂಬುದಕ್ಕೆ ಎರಡು ಸಾಕ್ಷಿ ಆ ದಿನಗಳಲ್ಲೇ ಸಿಕ್ಕವು. ಎರ್ಸ್‌ಪಾಮರ್ ಅವರ ಆ ಕೋಶಗಳಿಂದಲೇ ಬೆಳೆಯುವ ಕಾರ್ಸಿನಾಯ್ಡ್ ಎಂಬ ಗಡ್ಡೆ ಇದೆ. ಅದರಲ್ಲಿ ಸೆರೊಟೋನಿನ್ ತುಂಬಿದೆ ಎಂದು 1953ರಲ್ಲಿ ಆಸ್ಟ್ರಿಯಾದ ಫ್ರೆಡ್ ಲೆಂಬೆಕ್ ಕಂಡರು. ಅಂಥ ರೋಗಿಗಳಲ್ಲಿ ಹಲವರಿಗೆ ಮುಖ ಕೆಂಪಾಗುತ್ತದೆ, ನಿಲ್ಲದ ಭೇದಿ ಆಗುತ್ತದೆ. ಎರಡನೆಯದು ನಮ್ಮ ದೇಶದ ಬೇರು, ಸರ್ಪಗಂಧ. ಅದರಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನವರು ರೆಸರ್ಪಿನ್ ಎಂಬ ರಕ್ತದೊತ್ತಡದ ಮದ್ದು ತೆಗೆದರು. ಅದು ದೇಹದ ಸೆರೊಟೋನಿನ್ ದಾಸ್ತಾನನ್ನು ಹೊರಗೆ ಹಾಕಿಸುತ್ತದೆ ಎಂದು 1955ರ ಹೊತ್ತಿಗೆ ಅಮೆರಿಕದಲ್ಲಿ ತಿಳಿಯಿತು. ರೆಸರ್ಪಿನ್ ತೆಗೆದುಕೊಂಡವರಿಗೆ ಹೊಟ್ಟೆ ಸಡಿಲಾಗುವುದು ವೈದ್ಯರಿಗೆ ಗೊತ್ತಿದ್ದ ಸಂಗತಿ.

ನಮ್ಮ ಬಾಗಿಲ ಪಕ್ಕದ ಕುರ್ಚಿಯವರಿಗೆ ಆಗಿರುವುದು ಇಂಥ ಗಡ್ಡೆಯಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಮೂರಕ್ಷರದ ಹೆಸರು, ಐಬಿಎಸ್. ಕೆರಳಿದ ಕರುಳು ಎನ್ನೋಣ. ಗುರುತಿಸುವ ನಿಯಮಗಳಿಗೆ ಎರ್ಸ್‌ಪಾಮರ್ ಅವರ ಕೊನೆಯ ಊರಿನ ಹೆಸರೇ ಬಂದಿದೆ, ರೋಮ್ ಮಾನದಂಡ ಎನ್ನುತ್ತಾರೆ. 2016ರ ನಾಲ್ಕನೆಯ ಆವೃತ್ತಿಯ ಪ್ರಕಾರ ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು, ತೊಂದರೆ ಶುರುವಾಗಿ ಆರು ತಿಂಗಳಾಗಿರಬೇಕು, ಮಲವಿಸರ್ಜನೆ, ಅದರ ಸಲ ಬದಲಾಗುವುದು, ಹದ ಬದಲಾಗುವುದು ಈ ಮೂರರಲ್ಲಿ ಎರಡಕ್ಕಾದರೂ ನೋವಿನ ಸಂಬಂಧ ಇರಬೇಕು. ಇಂಥವರ ಗುದನಾಳದಲ್ಲಿ ಸಣ್ಣ ಬಲೂನು ಇಟ್ಟು ಗಾಳಿ ತುಂಬಿ ನೋಡಿದ್ದಾರೆ. ಬೇರೆಯವರಿಗೆ ಏನೂ ಅನ್ನಿಸದ ಅಳತೆಗೇ ಇವರಲ್ಲಿ ಅನೇಕರಿಗೆ ನೋವು ಬರುತ್ತದೆ. ಸುಳ್ಳು ಹೇಳುವುದಲ್ಲ, ಗಂಟೆ ಸೂಕ್ಷ್ಮವಾಗಿದೆ, ಸಣ್ಣದಕ್ಕೂ ಬಾರಿಸುತ್ತದೆ. ಭೇದಿಯ ಬಗೆಯವರಲ್ಲಿ ಊಟದ ನಂತರ ರಕ್ತದ ಸೆರೊಟೋನಿನ್ ಹೆಚ್ಚು ಏರುವುದನ್ನು, ಮಲಬದ್ಧತೆಯವರಲ್ಲಿ ಅಷ್ಟು ಏರದಿರುವುದನ್ನು ಸಂಶೋಧಕರು ಕಂಡಿದ್ದಾರೆ. ಟಪಾಲು ತೆಗೆಯುವ ಆ ಪ್ರೋಟೀನ್ ಕೆಲವರಲ್ಲಿ ಕಡಿಮೆ ಇರುವುದೂ ಕಂಡಿದೆ, ಆದರೆ ಎಲ್ಲ ಅಧ್ಯಯನಗಳೂ ಇದಕ್ಕೆ ಹೂಂ ಅಂದಿಲ್ಲ.

ಒಂದು ವಿಷಯ ಓದಿ ನಾನು ಕೂತಲ್ಲೇ ಎದ್ದುನಿಂತೆ. ಹೊಟ್ಟೆಗೆ ಸೋಂಕು ತಗಲಿ ಜೋರು ಭೇದಿಯಾದವರಲ್ಲಿ ಕೆಲವರಿಗೆ ಸೋಂಕು ಹೋದ ಮೇಲೂ ಕರುಳು ಕೆರಳಿಯೇ ಉಳಿಯುತ್ತದೆ, ಅವರ ಕರುಳಿನ ಒಳಪದರದಲ್ಲಿ ಎರ್ಸ್‌ಪಾಮರ್ ಅವರ ಕೋಶಗಳು ಹೆಚ್ಚಾಗಿರುವುದು ಕಂಡಿದೆ. ನನ್ನದು ಶುರುವಾದದ್ದು ಹೀಗೆಯೇ. ಒಂದು ಬೇಸಿಗೆಯ ಮದುವೆಯ ಊಟದ ನಂತರ ಒಂದು ವಾರ ಹಾಸಿಗೆ ಹಿಡಿದಿದ್ದೆ, ಎದ್ದ ಮೇಲೆ ಹೊಟ್ಟೆ ಮೊದಲಿನ ಹಾಗೆ ಆಗಲೇ ಇಲ್ಲ. ಇದನ್ನು ಹೇಳಿದಾಗ ಯಾರೂ ಬರೆದುಕೊಂಡಿರಲಿಲ್ಲ.

ಹಾಗಂತ ಮನಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ನಾನು ವಾದ ಮಾಡುವುದಿಲ್ಲ. ಮೀಟಿಂಗಿನ ದಿನವೇ ಹೊಟ್ಟೆ ಮುರಿಯುತ್ತಿತ್ತಲ್ಲ. ಮಿದುಳು ಮತ್ತು ಕರುಳಿನ ನಡುವೆ ಟಪಾಲು ಎರಡೂ ಕಡೆ ಓಡಾಡುತ್ತದೆ. ಆದರೆ ಕಾಗದ ಬರೆಯುವ ಕೈ ಒಂದು ಕರುಳಿನಲ್ಲೂ ಇದೆ.

ಈ ತಿಳಿವಳಿಕೆಯಿಂದ ಮದ್ದುಗಳೂ ಹುಟ್ಟಿದವು. ಸೆರೊಟೋನಿನ್ ಕೂರುವ ಜಾಗಗಳು ಒಂದಕ್ಕಿಂತ ಹೆಚ್ಚು ಎಂದು 1957ರಲ್ಲಿ ಗ್ಯಾಡಮ್ ಮತ್ತು ಪಿಕರೆಲ್ಲಿ ಅವರು ಗಿನಿಯಿಲಿಯ ಕರುಳಿನಲ್ಲೇ ಕಂಡರು. ಮೂರನೆಯ ಬಗೆಯ ಜಾಗ ಮುಚ್ಚುವ ಒಂಡನ್ಸೆಟ್ರಾನ್ ಮಾತ್ರೆ ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯಿತು. ನಮ್ಮಲ್ಲಿ ಮಕ್ಕಳ ವಾಂತಿಗೂ ಡಾಕ್ಟರು ಬರೆಯುವುದು ಇದನ್ನೇ. ನಾಲ್ಕನೆಯ ಬಗೆಯ ಜಾಗ ಚುರುಕುಗೊಳಿಸುವ ಪ್ರುಕಲೊಪ್ರೈಡ್ ಹಳೆಯ ಮಲಬದ್ಧತೆಗೆ ಬಂತು. ಎಲ್ಲ ನೇರವಾಗಿ ಆಗಲಿಲ್ಲ. ಭೇದಿಯ ಬಗೆಗೆಂದು 2000ದಲ್ಲಿ ಅಮೆರಿಕದಲ್ಲಿ ಬಂದ ಅಲೊಸೆಟ್ರಾನ್ ಮಾತ್ರೆಯಿಂದ ಕೆಲವರ ದೊಡ್ಡ ಕರುಳಿಗೆ ರಕ್ತ ಕಡಿಮೆಯಾಗಿ ಜೀವಕ್ಕೇ ಬಂತು. ಅದೇ ವರ್ಷ ವಾಪಸು ತೆಗೆದರು, 2002ರಲ್ಲಿ ಬಿಗಿ ಷರತ್ತಿನ ಮೇಲೆ ಮತ್ತೆ ಬಿಟ್ಟರು. ಮೆಡಿಕಲ್ ಅಂಗಡಿಯಲ್ಲಿ ನಿಂತು ಹೆಸರು ಹೇಳಿ ತರುವ ಮಾತ್ರೆಗಳಲ್ಲ ಇವು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ನಂತರ ಹೊಸದಾಗಿ ಶುರುವಾದ ತೊಂದರೆ ಇದ್ದವರು ಇದು ಐಬಿಎಸ್ ಇರಬಹುದು ಎಂದು ಮನೆಯಲ್ಲಿ ಕೂರಬಾರದು, ಬೇಗ ತೋರಿಸಬೇಕು.

ಮತ್ತೆ ಎರ್ಸ್‌ಪಾಮರ್ ಅವರ ಹತ್ತಿರ ಬರೋಣ. ಬಾರಿಯಿಂದ ಪಾರ್ಮಾ, ಅಲ್ಲಿಂದ 1967ರಲ್ಲಿ ಮತ್ತೆ ರೋಮ್. ಸೆರೊಟೋನಿನ್ ಹೆಸರು ಬೇರೆಯವರ ಪಾಲಾದ ಮೇಲೆ ಅವರು ಜಗಳಕ್ಕೆ ಕೂತವರಲ್ಲ, ಕಪ್ಪೆಗಳ ಕಡೆ ಹೋದರು. ಕಪ್ಪೆಯ ಚರ್ಮದಲ್ಲಿ ಇರುವುದೆಲ್ಲ ನಮ್ಮ ಕರುಳು ಮತ್ತು ಮಿದುಳಿನಲ್ಲಿ ಒಂದಿಲ್ಲೊಂದು ರೂಪದಲ್ಲಿ ಇರುತ್ತದೆ ಎಂಬ ನಂಬಿಕೆ ಹಿಡಿದು, ಹೆಂಡತಿ ಜೂಲಿಯಾನಾ ಫಾಲ್ಕೊನಿಯೇರಿ ಅವರ ಜೊತೆ, ಐನೂರಕ್ಕೂ ಹೆಚ್ಚು ಜಾತಿಯ ಜಲಚರ, ಭೂಚರಗಳನ್ನು ಪರೀಕ್ಷೆ ಮಾಡಿದರು. ಜೂಲಿಯಾನಾ ಅವರೂ ಔಷಧ ವಿಜ್ಞಾನಿಯೇ. ಆಸ್ಟ್ರೇಲಿಯಾದ ಹಸಿರು ಮರಗಪ್ಪೆಯಲ್ಲಿ ಸೆರುಲಿನ್ ಸಿಕ್ಕಿತು, ಅದು ಪಿತ್ತಕೋಶವನ್ನು ಹಿಂಡುತ್ತದೆ, ಶಸ್ತ್ರಚಿಕಿತ್ಸೆಯ ನಂತರ ಮಲಗಿಬಿಟ್ಟ ಕರುಳನ್ನು ಎಬ್ಬಿಸಲು ಅದನ್ನು ಬಳಸಿದರು. ಯುರೋಪಿನ ಬೆಂಕಿಹೊಟ್ಟೆಯ ಕಪ್ಪೆಯಲ್ಲಿ 1971ರಲ್ಲಿ ಬೊಂಬೆಸಿನ್. ದಕ್ಷಿಣ ಅಮೆರಿಕದ ಕಪ್ಪೆಯಲ್ಲಿ 1981ರಲ್ಲಿ ಡರ್ಮಾರ್ಫಿನ್, ಮಾರ್ಫಿನ್‌ಗಿಂತ ಎಷ್ಟೋ ಪಾಲು ಬಲವಾದ ನೋವುನಿವಾರಕ. ಇದನ್ನು ಓದುವಾಗ ಮಳೆಗಾಲದಲ್ಲಿ ನಮ್ಮ ಮಾಂಜ್ರಾ ದಂಡೆಯ ಗದ್ದೆಗಳಲ್ಲಿ ವಟಗುಟ್ಟುವ ಕಪ್ಪೆಗಳ ಚರ್ಮದಲ್ಲಿ ಏನೇನಿದೆಯೋ ಅನ್ನಿಸಿತು.

1984ರಲ್ಲಿ ನಿವೃತ್ತಿ ಆಯಿತು. ಪ್ರಯೋಗಶಾಲೆಗೆ ಹೋಗುವುದು ನಿಲ್ಲಲಿಲ್ಲ. 1999ರ ಅಕ್ಟೋಬರ್ 25ರಂದು ರೋಮ್‌ನಲ್ಲಿ ತೀರಿಕೊಂಡರು, ತೊಂಬತ್ತು ವರ್ಷ ತುಂಬಿತ್ತು. ಅಲೊಸೆಟ್ರಾನ್ ಅಂಗಡಿಗೆ ಬಂದದ್ದು ಅದರ ನಾಲ್ಕೇ ತಿಂಗಳ ನಂತರ.

ನಾನು ಈಗ ಚೆನ್ನಾಗಿದ್ದೇನೆ ಎಂದು ಪೂರ್ತಿ ಹೇಳಲಾರೆ. ಬೇರೆ ಒಬ್ಬ ಡಾಕ್ಟರು ಕೂಡಿಸಿ ಕೇಳಿದರು, ಮದುವೆ ಊಟದ ಸಂಗತಿ ಬರೆದುಕೊಂಡರು, ಊಟದಲ್ಲಿ ಕೆಲವು ಬದಲು ಹೇಳಿದರು, ಸಣ್ಣ ಪ್ರಮಾಣದಲ್ಲಿ ಒಂದು ಮಾತ್ರೆ ಕೊಟ್ಟರು. ನಮ್ಮ ತಾಂಡೂರಿನ ತೊಗರಿಬೇಳೆಯನ್ನು ಪೂರ್ತಿ ಬಿಡಬೇಕಾದೀತು ಎಂದು ಹೆದರಿದ್ದೆ. ಕಡಿಮೆ ಮಾಡಿದರೆ ಸಾಕು ಅಂದರು. ಬಸ್ಸಿಗೆ ಈಗ ಎರಡು ಇಡ್ಲಿ ತಿಂದೇ ಹತ್ತುತ್ತೇನೆ.

ಸೂಚನೆ: ಮುಂದಿನ ಮಾಸಿಕ ಸಭೆ ಎರಡನೆಯ ಭಾನುವಾರ ಸಂಜೆ 4 ಗಂಟೆಗೆ, ಎಂದಿನ ಜಾಗದಲ್ಲಿ. ಚಹಾ ಜೊತೆ ಮಿರ್ಚಿ ಭಜಿ ಇರುತ್ತದೆ, ಬೇಡದವರಿಗೆ ಮಂಡಕ್ಕಿ. ಈ ಸಲ ಬಾಗಿಲ ಪಕ್ಕ ಆರು ಕುರ್ಚಿ ಹಾಕಿಸುತ್ತೇನೆ, ಯಾರನ್ನೂ ಮುಂದಿನ ಸಾಲಿಗೆ ಕರೆಯುವುದಿಲ್ಲ. ಶೌಚಾಲಯದ ಕೀಲಿ ವಾಚ್‌ಮನ್ ಹತ್ತಿರ ಕೇಳಬೇಕಾಗಿಲ್ಲ, ಹಾಜರಿ ಪುಸ್ತಕದ ಪಕ್ಕ ಮೇಜಿನ ಮೇಲೆ ಇಟ್ಟಿರುತ್ತೇನೆ. ಮದುವೆಗಳಿಗೆ ಹೋಗುವುದನ್ನು ಬಿಟ್ಟ ಆ ತಾಯಿ ಖಂಡಿತ ಬರಬೇಕು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ